ದೀಪ ಹಚ್ಚಿದ ಮೇಲೆ ಹೆಪ್ಪು

ಹಾಲು ಹೆಪ್ಪಾಗುವುದು ನಿಂತುಹೋಗಿದೆ ಎಂಬುದು ಗದುಗಿನಲ್ಲಿ ಮೊದಲು ಗೊತ್ತಾದದ್ದು ನಮ್ಮತ್ತೆ ಗುರುಬಸವ್ವನವರಿಗೆ. ಟಿವಿಯವರು ಹೇಳುವುದಕ್ಕಿಂತ ಮೊದಲು. ಬೆಳಿಗ್ಗೆ ಖಾನಾವಳಿಯ ಅಡುಗೆಮನೆಯಲ್ಲಿ ಗಡಿಗೆಯ ಮುಚ್ಚಳ ತೆಗೆದು, ಬೆರಳು ಅದ್ದಿ ನೋಡಿ ನನ್ನನ್ನು ಕರೆದರು.

"ಸುವರ್ಣಾ, ನಿನ್ನೆ ಹೆಪ್ಪು ಹಾಕೂದು ಮರತಿಯೇನ?"

"ಇಲ್ರಿ ಅತ್ತಿ, ಹಾಕೇನಿ."

"ಹಂಗಾರ ಹೆಪ್ಪು ಸತ್ತೈತಿ."

ಹೆಪ್ಪು ಸಾಯುತ್ತದೆ ಎಂದು ನಾನು ಅದುವರೆಗೆ ಕೇಳಿರಲಿಲ್ಲ. ಕೆಡುತ್ತದೆ, ಹುಳಿಯಾಗುತ್ತದೆ, ಬೆಕ್ಕು ಬಾಯಿ ಹಾಕುತ್ತದೆ. ಸಾಯುವುದೆಂದರೇನು? ಪಕ್ಕದ ಮನೆಗೆ ಹೋಗಿ ಕೇಳಿದೆ. ಅವರ ಗಡಿಗೆಯಲ್ಲೂ ಅದೇ ಬಿಳಿ ನೀರು. ಪೇಟೆಯಿಂದ ಹೊಸ ಹೆಪ್ಪಿನ ಪುಡಿಯ ಪ್ಯಾಕೆಟ್ ತಂದೆವು, ಆಗಲಿಲ್ಲ. ಹಸಿಮೆಣಸಿನಕಾಯಿ ತೊಟ್ಟು ಹಾಕಿ ನೋಡಿದೆವು. ಒಂದು ದಿನ ಗಟ್ಟಿಯಾದಂತೆ ಮಾಡಿ ಮರುದಿನ ನೀರಾಯಿತು. ವಾರ ಕಳೆಯುವುದರಲ್ಲಿ ಇಡೀ ದೇಶದ ಗಡಿಗೆಗಳು ನೀರಾಗಿದ್ದವು. ಆಮೇಲೆ ಇಡೀ ಜಗತ್ತಿನವು.

ಜನ ಹೊಂದಿಕೊಂಡರು. ಜನ ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ. ಹಾಲಿಗೆ ನಿಂಬೆಹುಳಿ, ಮೆಕ್ಕೆಜೋಳದ ಹಿಟ್ಟು ಸೇರಿಸಿ ಕುದಿಸಿ ಮೊಸರಿನಂಥದ್ದೊಂದನ್ನು ಡಬ್ಬಿಯಲ್ಲಿ ಮಾರಲು ಶುರುಮಾಡಿದರು. ನಮ್ಮ ಖಾನಾವಳಿಯಲ್ಲೂ ಅದನ್ನೇ ಬಡಿಸಿದೆವು. ಊಟಕ್ಕೆ ಬರುವವರು ಮೊದಮೊದಲು ಬೈದರು, ಆಮೇಲೆ ಸುಮ್ಮನೆ ಉಂಡರು. ಹೊಸದಾಗಿ ಬರುವ ಹುಡುಗರಿಗೆ ಅದೇ ಮೊಸರು ಎಂದಾಯಿತು.

ಒಪ್ಪದವರು ಒಬ್ಬರೇ, ನಮ್ಮತ್ತೆ. ಡಬ್ಬಿಯದನ್ನು ಒಮ್ಮೆ ನಾಲಿಗೆಗೆ ಹಚ್ಚಿ "ಗೋಡೆಗೆ ಹಚ್ಚು, ಚೊಲೋ ಹಿಡಿಯತೈತಿ" ಎಂದು ಪಕ್ಕಕ್ಕೆ ಸರಿಸಿದ್ದರು. ಆವತ್ತಿನಿಂದ ಸಾರನ್ನ ಉಂಡಾದ ಮೇಲೆ ಒಂದು ಗಳಿಗೆ ತಾಟಿನ ಮೇಲೆ ಕೈ ಹಿಡಿದು ಕೂರುತ್ತಿದ್ದರು. ಏನೋ ಬರಲಿದೆ ಎಂಬಂತೆ. ಆಮೇಲೆ ಕೈ ತೊಳೆದು ಹೇಳುತ್ತಿದ್ದರು: "ಊಟ ಮುಗಿದಿಲ್ಲ, ನಿಂತೈತಿ."

"ಹಂಗ ಅನಬ್ಯಾಡ್ರಿ ಅತ್ತಿ."

"ಅಂದ್ರ ಚೊಲೋನ ಆತಲ್ಲ. ಯಮ ಬಂದ್ರ ಹೇಳತೇನಿ, ತಡಿಯಪಾ, ನನ್ನ ಊಟ ಇನ್ನೂ ಮುಗಿದಿಲ್ಲ ಅಂತ."

ನಾವು ನಗುತ್ತಿದ್ದೆವು. ಆದರೆ ಮುಗಿಯದ ಊಟ ಎಂದು ಅವರು ಊಟವನ್ನೇ ಕಡಿಮೆ ಮಾಡುತ್ತ ಬಂದರು. ಮೊದಲು ಅನ್ನ ಹೋಯಿತು. ಆಮೇಲೆ ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಕೈಬಳೆ ಮೊಳಕೈವರೆಗೆ ಜಾರತೊಡಗಿತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ರೋಗ ಏನೂ ಇಲ್ರಿ. ಉಣ್ಣಾಕತ್ತಿಲ್ಲ, ಅಷ್ಟ. ಹಿಂಗ ಆದ್ರ ಈ ಚಳಿಗಾಲ ದಾಟೂದು ಕಷ್ಟ" ಎಂದರು.

*

ನನ್ನ ತಂಗಿಯ ಮಗಳು ಸಿಂಚನಾ ಧಾರವಾಡದ ಒಂದು ಹಾಲಿನ ಲ್ಯಾಬಿನಲ್ಲಿ ಇದೇ ಕೆಲಸ ಮಾಡುತ್ತಿದ್ದಳು. ಒಮ್ಮೆ ಅವಳಿಗೆ ಬುತ್ತಿ ಒಯ್ದಾಗ ಒಳಗೆ ಕರೆದು ತೋರಿಸಿದಳು. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಅದರೊಳಗೆ ಸಾಲುಸಾಲಾಗಿ ಹಾಲಿನ ನಳಿಕೆಗಳು. ಎಲ್ಲ ಬೆಚ್ಚಗೆ, ಎಲ್ಲ ನೀರು.

"ಮೊಸರು ಮಾಡೂದು ಜೀವಾಣು, ದೊಡ್ಡವ್ವ. ಕಣ್ಣಿಗೆ ಕಾಣದಂಥಾ ಜೀವ. ನಮಗ ನೆಗಡಿ ಹತ್ತಿದಂಗ ಅವಕ್ಕೂ ಒಂದು ವೈರಸ್ ಹತ್ತತೈತಿ."

"ಮೊದಲ ಹತ್ತತಿದ್ದಿಲ್ಲೇನ?"

"ಹತ್ತತಿತ್ತು. ಆದ್ರ ಮೊದಲ ಮನಿಗೊಂದು ಹೆಪ್ಪು ಇತ್ತು. ಒಂದು ಮನೀದು ಸತ್ರ ಬಾಜೂ ಮನೀದು ಬ್ಯಾರೆ ಜಾತಿ, ಅದು ಉಳೀತಿತ್ತು. ಆಮ್ಯಾಲೆ ಎಲ್ಲಾರೂ ಒಂದ ಕಂಪನಿ ಪುಡಿಗೆ ಬಂದ್ರು. ಜಗತ್ತಿಗೆಲ್ಲ ಒಂದ ಹೆಪ್ಪು. ಅದನ್ನ ಕೊಲ್ಲೂ ವೈರಸ್ ಬಂತು, ಒಂದ ಏಟಿಗೆ ಎಲ್ಲಾ ಹೋತು."

"ಹಳೇ ಹೆಪ್ಪು ಎಲ್ಲೂ ಇಲ್ಲೇನ?"

"ಫ್ರೀಜರಿನ್ಯಾಗ ಅದಾವು. ಹೊರಗ ತಗದ ದಿನಾನ ಸಾಯತಾವು. ಈಗ ಆ ವೈರಸ್ ಗಾಳ್ಯಾಗ, ಪಾತ್ರ್ಯಾಗ, ನಮ್ಮ ಕೈಯಾಗ ಐತಿ. ಅದರ ಜೋಡಿ ಬಡದಾಡಿ ಗೆದ್ದಂಥಾ ಹೆಪ್ಪು ಬೇಕು. ಅಂಥಾದ್ದು ಎಲ್ಲರೆ ಇರಬೇಕು. ಹುಡಕಾಕತ್ತೇವಿ."

ಅವಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ರೊಟ್ಟಿ ಬಿಚ್ಚಿಕೊಟ್ಟೆ. ಉಣ್ಣುತ್ತ ನಳಿಕೆಗಳನ್ನೇ ನೋಡುತ್ತಿದ್ದಳು, ತೊಟ್ಟಿಲಲ್ಲಿ ಅಳದೆ ಮಲಗಿದ ಕೂಸನ್ನು ನೋಡುವ ಹಾಗೆ.

ಆ ವರ್ಷವೇ ನನಗೆ ಧ್ರುವಯಾತ್ರೆಯ ಅಡುಗೆ ಕೆಲಸ ಸಿಕ್ಕಿತು. ನಮ್ಮ ಕಡೆಯ ಬೇಸಿಗೆ ಬೆಂಕಿಯಂತಾದ ಮೇಲೆ ಜನ ಕಾಶಿಗೆ ಹೋದಂತೆ ಉತ್ತರ ಧ್ರುವದ ಕಡೆ ಹಡಗಿನಲ್ಲಿ ಹೋಗಿಬರುವುದು ರೂಢಿಯಾಗಿತ್ತು. ಸಮುದ್ರದ ಮಂಜುಗಡ್ಡೆ ಕರಗಿ ಚಳಿಗಾಲದಲ್ಲೂ ದಾರಿ ತೆರೆದಿತ್ತು. ಚಳಿಗಾಲದ ಯಾತ್ರೆ ಅಗ್ಗ. ಸೂರ್ಯ ಹುಟ್ಟುವುದೇ ಇಲ್ಲ, ಆದರೆ ಆಕಾಶದಲ್ಲಿ ಹಸಿರು ಬೆಳಕಿನ ತೆರೆ ಕುಣಿಯುತ್ತದೆ. ಹುಬ್ಬಳ್ಳಿಯ ಟೂರ್ ಮ್ಯಾನೇಜರ್ ಕುಬೇರ ಹೂಗಾರ ಜಾಹೀರಾತಿನಲ್ಲಿ ಆ ಬೆಳಕಿಗಿಂತ ದೊಡ್ಡ ಅಕ್ಷರದಲ್ಲಿ 'ದಿನಾಲೂ ಜೋಳದ ರೊಟ್ಟಿ' ಎಂದು ಹಾಕಿಸಿದ್ದ. ಆ ರೊಟ್ಟಿ ಬಡಿಯುವವಳು ನಾನು.

ಹೊರಡುವಾಗ ಸಿಂಚನಾ ಲ್ಯಾಬಿನ ಮೊಹರು ಹಾಕಿದ ಸಣ್ಣ ಪೆಟ್ಟಿಗೆ ಕೊಟ್ಟಳು. ದೂರ ಪ್ರಯಾಣ ಮಾಡುವವರಿಗೆಲ್ಲ ಕೊಡುತ್ತಿದ್ದರಂತೆ. ಅದರಲ್ಲಿ ಕಾಗದದ ಪಟ್ಟಿಗಳು. ಎಲ್ಲಿಯಾದರೂ ಮೊಸರು ಕಂಡರೆ ಒಂದು ಹನಿ ಹಾಕಬೇಕು. ಪಟ್ಟಿಯಲ್ಲಿ ಆ ವೈರಸ್ಸೇ ಇದೆ. ಅದರೆದುರು ಜೀವಾಣು ಬದುಕಿ ನಿಂತರೆ ಪಟ್ಟಿ ಗುಲಾಬಿಯಾಗುತ್ತದೆ, ಸತ್ತರೆ ಬಿಳಿಯಾಗಿಯೇ ಇರುತ್ತದೆ. ನಿಜವಾದ ಹೆಪ್ಪು ಸಿಕ್ಕರೆ ಆ ಪೆಟ್ಟಿಗೆಯಲ್ಲೇ ತರಬೇಕು. ಬೇರೆ ಯಾವ ಪಾರ್ಸೆಲ್ಲಿನಲ್ಲಿ ಬಂದರೂ ಗಡಿಯಲ್ಲಿ ಕಿರಣ ಹಾಯಿಸಿ ಒಳಗಿನ ಜೀವವನ್ನೆಲ್ಲ ಕೊಂದುಬಿಡುತ್ತಿದ್ದರು. ರೋಗ ಬಂದ ಮೇಲಿನ ಕಾನೂನು ಅದು.

ಅತ್ತೆ ಹಾಸಿಗೆಯಲ್ಲಿ ಕುಳಿತೇ ನನ್ನ ಕೈ ಹಿಡಿದರು. ಹಗುರವಾದ ಕೈ.

"ಹೆಪ್ಪು ಸಿಕ್ರ ಕೇಳಿ ತಗೊಂಡ ಬಾ. ನಾಚಬ್ಯಾಡ. ಹೆಪ್ಪು ಕೇಳೂದು ಭಿಕ್ಷೆ ಅಲ್ಲ."

*

ಹಾಮ್ನೆಸ್ ನಮ್ಮ ಯಾತ್ರೆಯ ತುದಿಯ ಬಂದರು. ಬೆಟ್ಟದ ಬುಡಕ್ಕೆ ಅಂಟಿಕೊಂಡಂತೆ ಒಂದಷ್ಟು ಮರದ ಮನೆಗಳು, ಕೆಂಪು, ಹಳದಿ. ಮೀನು ಒಣಹಾಕುವ ಉದ್ದುದ್ದ ಅಟ್ಟಗಳು. ನಾವು ಇಳಿದದ್ದು ಬೆಳಗಿನ ಹತ್ತು ಗಂಟೆಗೆ, ಆದರೆ ಬೀದಿದೀಪಗಳೆಲ್ಲ ಉರಿಯುತ್ತಿದ್ದವು. ಪ್ರತಿ ಮನೆಯ ಪ್ರತಿ ಕಿಟಕಿಯಲ್ಲೂ ಒಂದೊಂದು ದೀಪ. ದೀಪಾವಳಿಯ ಊರಿಗೆ ಬಂದಂತಾಯಿತು. ಹೂಗಾರ ಗಟ್ಟಿಯಾಗಿ ಹೇಳುತ್ತಿದ್ದ: "ಮಧ್ಯಾಹ್ನ ಎರಡಕ್ಕ ಹಡಗಾ ಬಿಡತೈತ್ರಿ. ಯಾರರೆ ಉಳದ್ರಿ ಅಂದ್ರ ಜನವರಿತನಾ ಕತ್ತಲದಾಗ ಇರಬೇಕಾಕ್ಕೈತಿ, ನನ್ನ ಬೈಬ್ಯಾಡ್ರಿ."

ಊರಿನವರು ಯಾತ್ರಿಕರಿಗೆ ತಮ್ಮ ಸಮುದಾಯ ಭವನದಲ್ಲಿ ಸೂಪು ಕೊಡುವ ಪದ್ಧತಿ. ಬೇರೆ ಯಾತ್ರಿಕರಿಗೆ ಮೀನಿನದು, ನಮ್ಮವರಿಗಾಗಿ ಆಲೂಗಡ್ಡೆಯದು. ನನಗೆ ಎಲ್ಲಿ ಹೋದರೂ ಊಟದ ಮೇಜಿಗಿಂತ ಅಡುಗೆಮನೆಯೇ ಸಮಾಧಾನ. ಹಿಂದಿನ ಬಾಗಿಲಿಂದ ಒಳಗೆ ಹೋದೆ. ಎತ್ತರದ ಹೆಂಗಸೊಬ್ಬಳು, ಎಪ್ಪತ್ತರ ಆಸುಪಾಸು, ಬೆಳ್ಳಿ ಕೂದಲು ಗಂಟು ಹಾಕಿಕೊಂಡು ಬಟ್ಟಲುಗಳಿಗೆ ಸೂಪು ಬಡಿಸುತ್ತಿದ್ದಳು. ಪ್ರತಿಯೊಂದರ ಮೇಲೂ ಒಂದು ಮಣ್ಣಿನ ಪಾತ್ರೆಯಿಂದ ಬೆಳ್ಳಗಿನ ಏನನ್ನೋ ಒಂದು ಚಮಚ ಹಾಕುತ್ತಿದ್ದಳು.

ನಾನು ಆ ಪಾತ್ರೆಯನ್ನು ನೋಡಿದೆ. ಚಮಚ ಇಳಿದ ಕಡೆ ಹೊಂಡ ಬಿದ್ದಿತ್ತು. ಆ ಹೊಂಡದಲ್ಲಿ ತಿಳಿನೀರು ನಿಂತಿತ್ತು. ಹಿಟ್ಟು ಹಾಕಿ ಕುದಿಸಿದ ಮೊಸರಿನಲ್ಲಿ ಹೊಂಡ ಬೀಳುವುದಿಲ್ಲ, ಬಿದ್ದರೂ ನೀರು ಬಿಡುವುದಿಲ್ಲ.

ನಮ್ಮೆಲ್ಲರ ಕಿವಿಯಲ್ಲೂ ಭಾಷೆ ಬದಲಿಸುವ ಗುಂಡಿ ಇತ್ತು. ನಾವು ಆಡಿದ್ದು ಅವರಿಗೆ ಅವರ ಭಾಷೆಯಲ್ಲಿ, ಅವರು ಆಡಿದ್ದು ನಮಗೆ ಕನ್ನಡದಲ್ಲಿ. ಕನ್ನಡವೆಂದರೆ ರೇಡಿಯೋ ವಾರ್ತೆಯ ಕನ್ನಡ.

"ಅಕ್ಕಾರ, ಇದೇನ್ರಿ ಇದು?"

ಆಕೆ ತಿರುಗಿ ನಕ್ಕು ಏನೋ ಹೇಳಿದಳು. ಕಿವಿಯ ಗುಂಡಿ "ಇದು ನಮ್ಮ..." ಎಂದು ತಡೆಯಿತು. ಅದಕ್ಕೆ ಆ ಪದ ಸಿಗಲಿಲ್ಲ. ಸಿಗದಿದ್ದರೂ ನಡೆಯಿತು. ಆಕೆಯ ಬಾಯಿಂದಲೇ ಕನ್ನಡದಲ್ಲಿ ಕೇಳಿದ್ದೆ: "ಹೆಪ್ಪು."

ನಾನು ಅಲ್ಲಿದ್ದ ಮಣೆಯಂಥ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಆಕೆಯ ಹೆಸರು ರಾಗ್ನಾ. ಒಂದು ಲೋಟ ಬಿಸಿನೀರು ಕೊಟ್ಟು ಕಥೆ ಹೇಳಿದಳು. ಆಕೆ ಇನ್ನೂ ಮದುವೆಯಾಗದಿದ್ದ ಕಾಲದಲ್ಲಿ ಒಂದು ಸರಕು ಹಡಗು ಕೆಟ್ಟು ಈ ಬಂದರಿನಲ್ಲಿ ನಿಂತಿತ್ತು. ಅದರ ಅಡುಗೆಯವನು ಹೊನ್ನಾವರದ ಕಡೆಯ ಗಣಪು ಹರಿಕಂತ್ರ. ರಿಪೇರಿ ಮುಗಿಯುವವರೆಗೆ ಇವರ ಮನೆಯಲ್ಲಿ ಬಾಡಿಗೆಗೆ ಇದ್ದ. ಊರಿಂದ ಬರುವಾಗ ಅವನವ್ವ ಬಟ್ಟೆಯ ತುಂಡೊಂದನ್ನು ಮೊಸರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಮಡಿಚಿ ಕೊಟ್ಟಿದ್ದಳು. ಅದನ್ನು ಇಲ್ಲಿಯ ಹಾಲಿನಲ್ಲಿ ನೆನೆಹಾಕಿದ. ಹೋಗುವಾಗ ರಾಗ್ನಾಳಿಗೆ ಹೆಪ್ಪು ಕೊಟ್ಟು, ಅದರ ರೀತಿ ರಿವಾಜು ಹೇಳಿಕೊಟ್ಟ.

"ಅವರು ಒಳ್ಳೆಯ ಮನುಷ್ಯರಾಗಿದ್ದರು" ಎಂದು ಕಿವಿಯೊಳಗಿನ ವಾರ್ತೆಯವಳು ಹೇಳಿದಳು. ರಾಗ್ನಾಳ ಮುಖ ಅದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಿತು. ಹೆಪ್ಪೊಂದನ್ನೇ ಬಿಟ್ಟು ಹೋಗಿದ್ದನೋ, ಬೇರೇನನ್ನಾದರೂ ಬಿಟ್ಟು ಹೋಗಿದ್ದನೋ, ನಾನು ಕೇಳಲಿಲ್ಲ. ಹೆಂಗಸರ ನಡುವೆ ಎಲ್ಲವನ್ನೂ ಕೇಳಿ ತಿಳಿಯಬೇಕೆಂದೇನಿಲ್ಲ.

ಪಟ್ಟಿ ತೆಗೆದು ಒಂದು ಹನಿ ಹಾಕಿದೆ. ಅದುವರೆಗೆ ನೋಡಿದ ಬಂದರುಗಳಲ್ಲೆಲ್ಲ ಅದು ಬಿಳಿಯಾಗಿಯೇ ಉಳಿದಿತ್ತು. ಇಲ್ಲಿ ನಿಧಾನವಾಗಿ, ಕೂಸಿನ ಕೆನ್ನೆಯ ಹಾಗೆ, ಗುಲಾಬಿಯಾಯಿತು.

*

ಸಿಂಚನಾಳಿಗೆ ಫೋನು ಹಚ್ಚಿದೆ. ಲ್ಯಾಬಿನಲ್ಲೇ ಇದ್ದಳು. ಪಟ್ಟಿಯನ್ನು ಪರದೆಯೆದುರು ಹಿಡಿದಾಗ ಅವಳು ಮುಖವನ್ನು ಪರದೆಗೆ ಹತ್ತಿರ ತಂದಳು. ಹಿಂದಿನಿಂದ ಯಾರೋ ಕುರ್ಚಿ ತಳ್ಳಿ ಎದ್ದ ಸದ್ದು ಕೇಳಿತು.

"ದೊಡ್ಡವ್ವ, ಆ ರೋಗ ಅಲ್ಲಿಗೆ ಬಂದಿದ್ದಿಲ್ಲೇನ? ಕೇಳು ಅವರನ್ನ."

"ಬಂದಿತ್ತು" ಎಂದಳು ರಾಗ್ನಾ. "ಕೆಲವು ವರ್ಷಗಳ ಹಿಂದೆ, ಬೇಸಿಗೆಯ ಕೊನೆಗೆ ಹಡಗಿನಲ್ಲಿ ಬಂದ ಪುಡಿಯ ಜೊತೆ ಬಂತು. ಎಲ್ಲರ ಪಾತ್ರೆಗಳೂ ಕೆಟ್ಟವು, ನನ್ನದೂ ಕೆಟ್ಟಿತು. ಆದರೆ ಅಷ್ಟರಲ್ಲಿ ಕತ್ತಲೆ ಬಂದುಬಿಟ್ಟಿತ್ತು."

"ಕತ್ತಲಿ ಬಂದ್ರೇನಾತ್ರಿ?"

"ಗಣಪು ಹೇಳಿದ್ದರಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಮನೆಯಿಂದ ಹೊರಗೆ ಹೋಗಬಾರದು, ಒಳಗೂ ಬರಬಾರದು. ನಾವು ನವೆಂಬರಿನಲ್ಲಿ ಕಿಟಕಿಯ ದೀಪ ಹಚ್ಚಿದರೆ ಸೂರ್ಯ ಮರಳುವವರೆಗೆ ಆರಿಸುವುದಿಲ್ಲ. ಆದ್ದರಿಂದ ಚಳಿಗಾಲದಲ್ಲಿ ನಮ್ಮೂರಿನಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ, ಕೇಳುವುದಿಲ್ಲ. ಉಣ್ಣಲು ಬಡಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನಮ್ಮ ಕಡೆ ಆ ಮಾತು ಸಂಜೆಯಿಂದ ಬೆಳಗಿನವರೆಗಿನದು. ಪಾಪ, ಗಣಪು ಅದನ್ನು ಹೇಳುವಾಗ ಇವರ ಸಂಜೆ ಎಷ್ಟು ಉದ್ದ ಎಂದು ಯೋಚಿಸಿರಲಿಕ್ಕಿಲ್ಲ.

"ನೀರಾದದ್ದನ್ನು ಚೆಲ್ಲಿದರೆ ಮತ್ತೆ ಸಿಗುವುದು ಸೂರ್ಯ ಬಂದ ಮೇಲೆ" ಎಂದು ರಾಗ್ನಾ ಮುಂದುವರಿಸಿದಳು. "ಹಾಗಾಗಿ ಆ ಕೆಟ್ಟ ಹಾಲಿಗೇ ದಿನವೂ ಸ್ವಲ್ಪ ಹೊಸ ಹಾಲು ಹಾಕುತ್ತ ಬಂದೆ. ಒಲೆಯ ಪಕ್ಕದಲ್ಲಿ ಬೆಚ್ಚಗೆ ಇಟ್ಟೆ. ನನ್ನ ಮಗ ಎಸ್ಪೆನ್ ಮೂಗು ಮುಚ್ಚಿಕೊಂಡು, ಅದನ್ನು ಹಿಮದಲ್ಲಿ ಹೂಳು ಎಂದ. ಜನವರಿಯಲ್ಲಿ ಸೂರ್ಯ ಇಣುಕುವ ಹೊತ್ತಿಗೆ ಅದು ತಾನಾಗಿಯೇ ಗಟ್ಟಿಯಾಗಿತ್ತು. ಆಮೇಲೆ ಊರಿಗೆಲ್ಲ ನಾನೇ ಕೊಟ್ಟೆ."

ಫೋನಿನಲ್ಲಿ ಸಿಂಚನಾ ಅಳುತ್ತಿದ್ದಳು. ಅಳುತ್ತಲೇ ಬಿಡಿಸಿ ಹೇಳಿದಳು. "ನಾವೆಲ್ಲಾ ಏನ ಮಾಡಿದ್ವಿ ದೊಡ್ಡವ್ವ? ಕೆಟ್ಟಕೂಡ್ಲೆ ಚೆಲ್ಲಿದ್ವಿ, ಹೊಸಾದು ತಂದ್ವಿ. ಹೊಸಾದಕ್ಕ ಬಡದಾಡಿ ಗೊತ್ತಿಲ್ಲ, ಅದೂ ಸತ್ತಿತು. ಮತ್ತ ಚೆಲ್ಲಿದ್ವಿ. ಲ್ಯಾಬಿನ್ಯಾಗೂ ಅದನ್ನ ಮಾಡಿದ್ವಿ, ಕೆಟ್ಟ ನಳಿಕೆ ಇಟ್ಕೊಳ್ಳೂದು ನಮ್ಮ ನಿಯಮದಾಗ ಇಲ್ಲ. ಲಕ್ಷ ಜೀವಾಣು ಸತ್ರೂ ಎಲ್ಲೋ ಒಂದು ಬದುಕತೈತಿ. ಬದುಕಿದ್ದು ವೈರಸ್ಸಿನ ಒಂದು ಚೂರು ತನ್ನ ಮೈಯಾಗ ಗುರ್ತಿಗೆ ಇಟ್ಕೊಂತೈತಿ, ಮಕ್ಕಳಿಗೂ ಆ ಗುರ್ತು ಕೊಡತೈತಿ. ಅದಕ್ಕ ಟೈಮ್ ಬೇಕು. ಯಾರೂ ಟೈಮ್ ಕೊಡಲಿಲ್ಲ. ಅವರ ಊರಾಗ ಮಾತ್ರ ಕತ್ತಲಿ ಕೊಟ್ಟಿತು."

"ಅಂದ್ರ ಇದು ನಮ್ಮ ಗಾಳಿಗೂ ತಡಿಯತೈತಿ?"

"ಪಟ್ಟಿ ಹಂಗ ಹೇಳತೈತಿ. ಒಂದು ಚಮಚ ಸಾಕು ದೊಡ್ಡವ್ವ. ಹೆಂಗರೆ ಮಾಡಿ ತಾ."

ನಾನು ರಾಗ್ನಾಳ ಕಡೆ ತಿರುಗಿದೆ. ಅತ್ತೆಯ ವಿಷಯ ಎಲ್ಲ ಹೇಳಿದೆ. ಮುಗಿಯದ ಊಟ, ಜಾರುವ ಬಳೆ, ಡಾಕ್ಟರ ಮಾತು. ಆಕೆ ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದಳು, ತಲೆಯಾಡಿಸಿದಳು.

"ಒಂದು ಚಮಚ ಹೆಪ್ಪು ಕೊಡ್ರಿ ಅಕ್ಕಾರ."

ಆಕೆ ಕಿಟಕಿಯ ಕಡೆ ನೋಡಿದಳು. ಅಲ್ಲಿ ದೀಪ ಉರಿಯುತ್ತಿತ್ತು.

"ದೀಪ ಹಚ್ಚಿದೆ" ಎಂದಳು.

*

ಅಷ್ಟರಲ್ಲಿ ಒಳಗೆ ಬಂದಿದ್ದ ಹೂಗಾರ ತಲೆ ಚಚ್ಚಿಕೊಂಡ. "ಏನ್ರಿ ಇದು ಮೂಢನಂಬಿಕಿ! ಇಷ್ಟ ದೂರ ಬಂದು ಇದನ್ನ ಕೇಳಬೇಕೇನ್ರಿ? ಬಡಿಸಿದ ಸೂಪಿನ ಮ್ಯಾಲಿಂದ ಒಂದೀಟು ಡಬ್ಬ್ಯಾಗ ಹಾಕ್ಕೊಂಡ ನಡೀರಿ ಸುವರ್ಣಕ್ಕಾರ. ಯಾರ ನೋಡತಾರ?"

"ಬಾಯಿ ಮುಚ್ಚಪಾ" ಎಂದೆ.

ಬಡಿಸಿದ್ದು ಉಣ್ಣುವುದಕ್ಕೆ, ಒಯ್ಯುವುದಕ್ಕಲ್ಲ. ಕದ್ದ ಹೆಪ್ಪಿನಿಂದ ನಮ್ಮತ್ತೆಯ ಊಟ ಮುಗಿಸಲು ನನಗೆ ಮನಸ್ಸಿರಲಿಲ್ಲ. ಅದಲ್ಲದೆ ನಾನೇನು ಹೇಳಲಿ? ಖಾನಾವಳಿಯ ಬಾಗಿಲಿಗೆ ಸಂಜೆ ಬಟ್ಟಲು ಹಿಡಿದು ಬಂದವರನ್ನು ನಾನೇ ಎಷ್ಟು ಸಲ "ದೀಪ ಹಚ್ಚೇವ್ರಿ, ಮುಂಜಾನೆ ಬರ್ರಿ" ಎಂದು ಕಳಿಸಿಲ್ಲ! ನಮ್ಮ ಊರಿಂದ ಹೋದ ಮಾತೇ ಇಲ್ಲಿ ಬಾಗಿಲಿಗೆ ಅಡ್ಡ ನಿಂತಿತ್ತು. ಆ ಮಾತೇ ಈ ಹೆಪ್ಪನ್ನು ಉಳಿಸಿತ್ತು ಕೂಡ. ಅದನ್ನು ಸುಳ್ಳೆಂದು ರಾಗ್ನಾಳಿಗೆ ಹೇಗೆ ಹೇಳುವುದು?

"ಸೂರ್ಯ ಬಂದ ಮೇಲೆ ನಾನೇ ಕಳಿಸುತ್ತೇನೆ" ಎಂದಳು ಆಕೆ. ಅವಳ ಕಣ್ಣೂ ತುಂಬಿತ್ತು. ಕೊಡಲಾರದ ಸಂಕಟ ಕೇಳುವ ಸಂಕಟಕ್ಕಿಂತ ಕಡಿಮೆಯದಲ್ಲ.

"ಪಾರ್ಸೆಲ್ ಕಳಿಸಿದ್ರ ಗಡಿಯಾಗ ಸುಡತಾರ್ರಿ. ಮತ್ತ ಜನವರಿತನಾ ನಮ್ಮತ್ತಿ..." ಮುಂದಿನದನ್ನು ಹೇಳಲಿಲ್ಲ. ದೀಪದೆದುರು ಅಂಥ ಮಾತು ಆಡಬಾರದು.

ಖಾನಾವಳಿ ನಡೆಸಿದವರಿಗೆ ಒಂದು ಅಭ್ಯಾಸವಿರುತ್ತದೆ. ಹಿಟ್ಟು ಮುಗಿಯಿತು, ಜನ ಕೂತಿದ್ದಾರೆ ಎಂದಾಗ ಇರುವುದರಲ್ಲೇ ಏನು ಮಾಡಬಹುದು ಎಂದು ಯೋಚಿಸುವುದು. ನಿಯಮ ಏನು ಹೇಳುತ್ತದೆ? ಸೂರ್ಯ ಮುಳುಗಿದ ಮೇಲೆ ಎನ್ನುವುದಿಲ್ಲ. ದೀಪ ಹಚ್ಚಿದ ಮೇಲೆ ಎನ್ನುತ್ತದೆ.

"ಅಕ್ಕಾರ, ದೀಪ ಶಾಂತ ಮಾಡಿದ್ರ?"

ಆಕೆ ಯೋಚಿಸಿದಳು. "ನನ್ನ ಕಿಟಕಿಯದನ್ನು ಆರಿಸಬಹುದು. ಆದರೆ ಬೀದಿಯ ದೀಪ ಒಳಗೆ ಬರುತ್ತದೆ. ಎದುರು ಮನೆಯದೂ ಬರುತ್ತದೆ. ಕತ್ತಲೆಗಾಲದಲ್ಲಿ ಇಡೀ ಊರಿನದು ಒಂದೇ ದೀಪ." ಆಮೇಲೆ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. "ಬನ್ನಿ, ಎಸ್ಪೆನ್ ಹತ್ತಿರ ಹೋಗೋಣ."

ಅವಳ ಮಗ ಎಸ್ಪೆನ್ ಊರಿನ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿದ್ದ. ಗೋಡೆ ತುಂಬ ಪರದೆ, ಅದರಲ್ಲಿ ಊರಿನ ನಕ್ಷೆ, ಪ್ರತಿ ಬೀದಿಗೂ ಒಂದೊಂದು ಹಸಿರು ಗೆರೆ. ಗೋಧಿ ಬಣ್ಣದ ಕೂದಲಿನ, ನಿಧಾನ ಸ್ವಭಾವದ ಮನುಷ್ಯ. ತಾಯಿ ಹೇಳಿದ್ದನ್ನು ಪೂರ್ತಿ ಕೇಳಿ, ಇನ್ನೊಮ್ಮೆ ಹೇಳು ಎಂದ.

"ಊರಿನ ದೀಪವನ್ನೆಲ್ಲ ಆರಿಸಬೇಕೇ? ಅಮ್ಮಾ, ನಾನು ಇಲ್ಲಿ ಕುಳಿತಿರುವುದೇ ಅವು ಆರದಂತೆ ನೋಡಿಕೊಳ್ಳುವುದಕ್ಕೆ. ಚಳಿಗಾಲದಲ್ಲಿ ಈ ಊರಿನ ಕರೆಂಟು ಒಮ್ಮೆಯೂ ಹೋಗಿಲ್ಲ. ಅದನ್ನು ಹೇಗೆ ಮಾಡುವುದೆಂದೇ ನನಗೆ ಗೊತ್ತಿಲ್ಲ."

"ಏನ್ ಮಹಾ ಕೆಲಸಪಾ ಅದು!" ಎಂದೆ. "ನಮ್ಮ ಕಡೆ ಇದಕ್ಕ ಲೋಡ್ ಶೆಡ್ಡಿಂಗ್ ಅಂತಾರ. ಯಾರನ್ನೂ ಕೇಳೂದಿಲ್ಲ, ಊಟಕ್ಕ ಕುಂತಾಗ ಬರೋಬ್ಬರಿ ತಗದಬಿಡತಾರ. ನಾವೆಲ್ಲಾ ಅದರಾಗ ಬೆಳದೇವಿ, ಏನೂ ಆಗಿಲ್ಲ."

ಕಿವಿಯ ಗುಂಡಿ ಇದನ್ನು ಅವನಿಗೆ ಹೇಗೆ ಹೇಳಿತೋ, ಎಸ್ಪೆನ್ ಮೊದಲ ಸಲ ನಕ್ಕ. ಬಿಸಿನೀರಿನ ಪಂಪು, ಆಸ್ಪತ್ರೆ ಇವುಗಳ ಗೆರೆ ಮುಟ್ಟುವುದಿಲ್ಲ, ಬರಿಯ ದೀಪಗಳನ್ನು ತೆಗೆಯಬಹುದು ಎಂದ. ಊರಿನವರ ಫೋನಿಗೆಲ್ಲ ತಿಳಿಸಬೇಕು, ಆಸ್ಪತ್ರೆಯವರು ಪರದೆ ಎಳೆಯಬೇಕು, ಕಿಟಕಿಯ ದೀಪಗಳನ್ನು ಅವರವರೇ ಆರಿಸಬೇಕು. ಒಬ್ಬರು ಬೇಡವೆಂದರೂ ಆಗದು.

"ಎಷ್ಟು ಹೊತ್ತು ಬೇಕು?"

"ಒಂದು ಚಮಚ ಹೆಪ್ಪು ಕೊಡೂವಷ್ಟು."

"ಆದರೆ ನಿಮ್ಮ ಹಡಗು?" ಎಂದ ಎಸ್ಪೆನ್. ಕಿಟಕಿಯಾಚೆ ಬಂದರಿನಲ್ಲಿ ನಮ್ಮ ಹಡಗು ಮದುವೆಮನೆಯಂತೆ ಝಗಝಗಿಸುತ್ತಿತ್ತು. ಊರೆಲ್ಲ ಕತ್ತಲಾದರೂ ಅದೊಂದೇ ಸಾಕಿತ್ತು.

ನಮ್ಮ ಹಿಂದೆಯೇ ಬಂದಿದ್ದ ಹೂಗಾರನ ಮುಖ ನೋಡಿದೆ. ಅವನು ಇನ್ನೂ ಸಿಡುಕಿಕೊಂಡೇ ಇದ್ದ. "ಕುಬೇರಪ್ಪಾ, ನಿಮ್ಮವ್ವ ಊಟದ ಕಡೀಕ ಏನ ಉಣ್ಣತಿದ್ರು?" ಎಂದು ಕೇಳಿದೆ.

ಅವನು ಟೊಪ್ಪಿಗೆ ಕಿವಿಯವರೆಗೆ ಎಳೆದುಕೊಂಡು ಹೊರಗೆ ಓಡಿದ. ಆಮೇಲೆ ಗೊತ್ತಾಯಿತು, ಕ್ಯಾಪ್ಟನ್ನನಿಗೆ ಇದು ನಮ್ಮ ಪ್ಯಾಕೇಜಿನಲ್ಲೇ ಸೇರಿದ 'ವಿಶೇಷ ಕತ್ತಲೆ ದರ್ಶನ' ಎಂದು ಹೇಳಿ ಒಪ್ಪಿಸಿದ್ದ.

*

ರಾಗ್ನಾಳ ಮನೆ ಬಂದರಿನ ಮೇಲಿನ ದಿಬ್ಬದಲ್ಲಿತ್ತು. ಅಡುಗೆಮನೆಯಲ್ಲಿ ಒಲೆಯ ಪಕ್ಕ ಹೆಪ್ಪಿನ ಪಾತ್ರೆಗೆ ಉಣ್ಣೆಯ ಟೊಪ್ಪಿಗೆ ಹೊದಿಸಿಟ್ಟಿದ್ದಳು. ಖಾಲಿ ಕೈಯಲ್ಲಿ ಹೆಪ್ಪು ಕೇಳಬಾರದು. ನನ್ನ ಚೀಲದಲ್ಲಿದ್ದ ಶೇಂಗಾ ಚಟ್ನಿಯ ಡಬ್ಬಿ ತೆಗೆದು ಅವಳ ಮೇಜಿನ ಮೇಲಿಟ್ಟೆ. ತಲೆಗೆ ಕಟ್ಟಿಕೊಳ್ಳುವ ಬಿಳಿ ಹತ್ತಿಯ ಅರಿವೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಸಿದ್ಧಮಾಡಿಕೊಂಡೆ.

ಮೊದಲು ಎದುರು ಮನೆಯ ಕಿಟಕಿ ಕಪ್ಪಾಯಿತು. ಆಮೇಲೆ ಅದರ ಪಕ್ಕದ್ದು. ದಿಬ್ಬದ ಕೆಳಗೆ ಒಂದೊಂದಾಗಿ ಕಣ್ಣು ಮುಚ್ಚಿದಂತೆ ಕಿಟಕಿಗಳು ಮುಚ್ಚಿಕೊಂಡವು. ಬೀದಿದೀಪಗಳು ಸಾಲಾಗಿ ಆರಿಹೋದವು. ಹಡಗು ಒಂದು ಸಲ ಮಿನುಗಿ ಕರಗಿಹೋಯಿತು. ಕೊನೆಗೆ ರಾಗ್ನಾ ತನ್ನ ಕಿಟಕಿಯ ದೀಪದ ಗುಂಡಿ ಒತ್ತಿದಳು.

ಕಗ್ಗತ್ತಲೆ ಕವಿಯುತ್ತದೆ ಎಂದು ನಾವಿಬ್ಬರೂ ಕೈ ಹಿಡಿದುಕೊಂಡಿದ್ದೆವು.

ಕವಿಯಲಿಲ್ಲ.

ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಬೆಟ್ಟದ ಅಂಚು ಕಂಡಿತು. ಹಿಮ ನೀಲಿಯಾಗಿ ಕಂಡಿತು. ದಕ್ಷಿಣದಲ್ಲಿ, ಸಮುದ್ರದ ಗೆರೆಯ ಮೇಲೆ, ಹಣ್ಣಾಗುತ್ತಿರುವ ಪೇರಲದ ಬಣ್ಣದ ಒಂದು ಪಟ್ಟಿ. ಹೊತ್ತು ನಡುಮಧ್ಯಾಹ್ನ. ಸೂರ್ಯ ಮೇಲೆ ಬರಲಾರದೆ ನೀರಿನ ಕೆಳಗೇ ಹಾದುಹೋಗುತ್ತಿದ್ದ, ಆದರೆ ಹಾದುಹೋಗುತ್ತಿದ್ದನೆಂಬುದು ಕಾಣುತ್ತಿತ್ತು. ಎದುರಿನ ಮನೆಗಳ ಕೆಂಪು, ಹಳದಿ ಬೇರೆ ಬೇರೆಯಾಗಿ ಕಂಡವು. ನನ್ನ ಕೈಯ ಗೆರೆಗಳು ಕಂಡವು. ಜನ ಬಾಗಿಲು ತೆರೆದು ಹೊರಗೆ ಬಂದು ದಕ್ಷಿಣಕ್ಕೆ ಮುಖ ಮಾಡಿ ನಿಂತರು. ಅವರೂ ಇದನ್ನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಅಷ್ಟೊಂದು ದೀಪಗಳಿರುವಾಗ ಯಾರಿಗೆ ಕಂಡೀತು?

ದಕ್ಷಿಣ ನಮ್ಮ ಕಡೆ. ಆ ಬೆಳಕಿನ ಆಚೆ ಎಲ್ಲೋ ಗದುಗು, ಗದುಗಿನಲ್ಲಿ ನಮ್ಮತ್ತೆ.

"ಹಗಲಾಗಿದೆ" ಎಂದಳು ರಾಗ್ನಾ. ಕಿವಿಯೊಳಗಿನ ವಾರ್ತೆಯವಳ ದನಿ ಕೂಡ ಮೆತ್ತಗಾದಂತೆ ಕೇಳಿತು. "ಇಷ್ಟು ದಿನವೂ ಹಗಲು ಇತ್ತು."

ಟೊಪ್ಪಿಗೆ ಸರಿಸಿ, ಪಾತ್ರೆಯ ನಡುವಿನಿಂದ ಒಂದು ದೊಡ್ಡ ಚಮಚ ತೆಗೆದು, ನಾನು ಒಡ್ಡಿದ ಅರಿವೆಗೆ ಹಾಕಿದಳು. ಇನ್ನೊಂದು ಹಾಕಿದಳು. ಮೂರನೆಯದನ್ನು ಹಾಕುವಾಗ ಏನೋ ಹೇಳಿದಳು. ಕಿವಿಯ ಗುಂಡಿ ಅದನ್ನು ಹೀಗೆ ಹೇಳಿತು: "ಇದು ಗಣಪು ಅವರ ತಾಯಿಗೆ."

*

ಅರಿವೆಯನ್ನು ಹಡಗಿನ ಅಡುಗೆಮನೆಯ ನೆರಳಲ್ಲಿ ಒಣಗಿಸಿ, ಮಡಿಚಿ, ಮೊಹರಿನ ಪೆಟ್ಟಿಗೆಯಲ್ಲಿಟ್ಟು ತಂದೆ. ಮನೆ ಮುಟ್ಟಿದಾಗ ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು, ಹೋಗುವಾಗ ಇದ್ದುದಕ್ಕಿಂತ ಇನ್ನೂ ಸಣ್ಣಗೆ. ಅರಿವೆಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕುಳಿತರು. ಕತ್ತರಿಸಿದ ಒಂದು ತುಂಡನ್ನು ಉಗುರುಬೆಚ್ಚಗಿನ ಹಾಲಿನಲ್ಲಿ ನೆನೆಹಾಕಿ ಗಡಿಗೆ ಮುಚ್ಚಿದೆ.

ಸಿಂಚನಾ ಲ್ಯಾಬಿನ ಕಾರಿನಲ್ಲಿ ಧಾರವಾಡದಿಂದ ಧಾವಿಸಿ ಬರುವಷ್ಟರಲ್ಲಿ ಸಂಜೆಯಾಗಿತ್ತು.

"ದೊಡ್ಡವ್ವ, ಅರ್ಧ ಅರಿವಿ ಕೊಡು ಲಗೂನ. ಅಲ್ಲೆ ಎಲ್ಲಾರೂ ಕಾಯಾಕತ್ತಾರ."

ಅತ್ತೆ ದೇವರ ಗೂಡಿನ ಕಡೆ ಗದ್ದ ಎತ್ತಿ ತೋರಿಸಿದರು. "ದೀಪ ಹಚ್ಚೈತಿ. ಮುಂಜಾನೆ ಒಯ್ಯಿ."

ಸಿಂಚನಾ ನನ್ನನ್ನು ನೋಡಿದಳು, ದೀಪವನ್ನು ನೋಡಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು ಅತ್ತೆಯ ಪಕ್ಕ ಕುಳಿತಳು. "ಆತು ಬಿಡ್ರಿ ಅಜ್ಜಿ. ಇಷ್ಟ ವರ್ಷ ತಡದೇವಿ."

ಮರುದಿನ ಅವಳು ತನ್ನ ಪಾಲು ತೆಗೆದುಕೊಂಡು ಸೂರ್ಯನ ಜೊತೆಗೇ ಹೋದಳು. ಮಧ್ಯಾಹ್ನದ ಊಟಕ್ಕೆ ಗಡಿಗೆಯ ಮುಚ್ಚಳ ತೆಗೆದೆ. ಚಮಚ ಇಳಿಸಿದ ಕಡೆ ಹೊಂಡ ಬಿತ್ತು. ಹೊಂಡದಲ್ಲಿ ತಿಳಿನೀರು ನಿಂತಿತು. ಖಾನಾವಳಿಯಲ್ಲಿ ಉಣ್ಣುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಒಳಬಾಗಿಲಲ್ಲಿ ಬಂದು ನಿಂತರು, ಎಂಜಲು ಕೈಯಲ್ಲೇ.

ಅತ್ತೆ ಅನ್ನ ಕಲಸಿದರು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎರಡನೆಯದು, ಮೂರನೆಯದು. ತಾಟು ಬರಿದಾಗುವವರೆಗೆ ಉಂಡರು, ಬೆರಳು ನೆಕ್ಕಿದರು, ತಾಟಿನಲ್ಲಿ ಕೈ ತೊಳೆದರು.

ಯಮ ಬಂದರೆ ಹೇಳುತ್ತೇನೆ ಎಂದು ಅವರು ಆಡಿದ್ದ ಮಾತು ನನಗೆ ನೆನಪಾಗಿತ್ತು.

"ಊಟ ಮುಗೀತೇನ್ರಿ ಅತ್ತಿ?"

"ಇವತ್ತಿಂದು ಮುಗೀತು" ಎಂದರು. ಸೆರಗಿಗೆ ಕೈ ಒರೆಸುತ್ತ ಗಡಿಗೆಯ ಕಡೆ ನೋಡಿದರು. "ನಾಳಿಂದಕ್ಕ ಹೆಪ್ಪು ತಗದಿಟ್ಟೀಯಿಲ್ಲೋ?"